ಜತ್ತಿಗೆ ಕಟ್ಟದ ಜೀಪು

ಎತ್ತು ನೋಡುವುದರಲ್ಲಿ ಸಂಗನಬಸವನನ್ನು ಮೀರಿಸುವವರು ನವಲಗುಂದ ತಾಲೂಕಿನಲ್ಲೇ ಇಲ್ಲ. ಇದು ಸಂಗನಬಸವನದೇ ಅಭಿಪ್ರಾಯ. ಆದರೂ ಪೂರ್ತಿ ಸುಳ್ಳೇನಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಎತ್ತು ಬೇಕಾದರೂ ಮೊದಲು ಅವನ ಮನೆಗೆ ಬಂದು, ಎಲೆ-ಅಡಿಕೆ ಕೊಟ್ಟು, ಮದುಮಗನನ್ನು ಕರೆದೊಯ್ಯುವ ಹಾಗೆ ಸಂತೆಗೆ ಕರೆದೊಯ್ಯುತ್ತಾರೆ. ಅವನು ಎತ್ತಿನ ತುಟಿ ಎತ್ತಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿ ಹುಡುಕುತ್ತಾನೆ. ಹಿಂದೆ ನಿಂತು ನಡಿಗೆ ನೋಡುತ್ತಾನೆ. ಸೆಗಣಿಯನ್ನೂ ಬಿಡುವುದಿಲ್ಲ. ಕೊನೆಗೆ ಕಣ್ಣು ಮುಚ್ಚಿ "ಹ್ಞೂಂ" ಎನ್ನುತ್ತಾನೆ. ಆ ಒಂದು ಹ್ಞೂಂ ಹೊರಬೀಳುವವರೆಗೆ ಕೊಳ್ಳುವವನೂ ಮಾರುವವನೂ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಅವನ ಶಾಸ್ತ್ರದಲ್ಲಿ ಒಂದು ಮುಖ್ಯ ವಿಧಿಯಿದೆ. ಮಾರುವವನ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು. ಮಾರುವವನು ಬಾಯಿ ತೆರೆದ ಅಂದರೆ ಸಾಕು, ಸಂಗನಬಸವ ಹೆಗಲ ಮೇಲಿನ ಹಳದಿ ಟವೆಲ್ಲನ್ನು ಎರಡೂ ಕಿವಿ ಮುಚ್ಚುವ ಹಾಗೆ ತಲೆಗೆ ಸುತ್ತಿಬಿಡುತ್ತಾನೆ. (ಬೇಸಿಗೆಯಲ್ಲಿ ಇದನ್ನು ನೋಡಿದ ಪರಊರಿನವರು ಪಾಪ, ಹಲ್ಲುನೋವು ಇರಬೇಕು ಎಂದುಕೊಳ್ಳುತ್ತಾರೆ.)

ಬೇರೆಯವರ ತಪ್ಪನ್ನು ಮರೆಯುವ ಗುಣ ಅವನಿಗಿಲ್ಲ. ಪಕ್ಕದ ಹೊಲದ ಬೀರಲಿಂಗಪ್ಪ ಒಮ್ಮೆ ಅವಸರದಲ್ಲಿ ಎತ್ತುಗಳ ಹೆಗಲ ಮೇಲೆ ನೊಗವನ್ನೇನೋ ಇಟ್ಟ. ಆದರೆ ಎತ್ತಿನ ಕೊರಳನ್ನು ನೊಗಕ್ಕೆ ಬಿಗಿಯುವ ಪಟ್ಟಿ ಇರುತ್ತದಲ್ಲ, ಜತ್ತಿಗೆ, ಅದನ್ನು ಕಟ್ಟಲು ಮರೆತ. "ಹೋ" ಎಂದ ಕೂಡಲೇ ಎತ್ತುಗಳು ನೊಗದ ಕೆಳಗಿನಿಂದ ನುಸುಳಿ ಊರ ಕಡೆ ಹೋದವು. ಬಂಡಿ ಮತ್ತು ಬೀರಲಿಂಗಪ್ಪ ಇದ್ದಲ್ಲೇ ಉಳಿದರು. ಈ ಪ್ರಸಂಗವನ್ನು ಸಂಗನಬಸವ ನವಲಗುಂದದ ಎಲ್ಲ ಚಹಾದಂಗಡಿಗಳಲ್ಲೂ ಅಭಿನಯಸಮೇತ ಹೇಳಿದ್ದಾನೆ. ಬೀರಲಿಂಗಪ್ಪ ಎದುರು ಬಂದರೆ ಈಗಲೂ "ಏನಪಾ, ಜತ್ತಿಗಿ ಕಟ್ಟೀದಿಲ್ಲೋ?" ಎಂದೇ ಮಾತು ಶುರು.

ಹೊರಗೆ ಇಷ್ಟು ಕೀರ್ತಿಯಿರುವ ಮನುಷ್ಯನಿಗೆ ಮನೆಯಲ್ಲಿ ಕಾಸಿನ ಕಿಮ್ಮತ್ತಿರಲಿಲ್ಲ. ಅದಕ್ಕೆ ಕಾರಣ ಪಂಚಮಿ ಹಬ್ಬ.

ಅವನ ಹೆಂಡತಿ ರೋಹಿಣಿಯ ತವರು ಶಲವಡಿ. ದೂರವೇನಲ್ಲ. ಆದರೆ ಇವರ ಮನೆ ಇರುವುದು ಹೊಲದಲ್ಲಿ. ಅಲ್ಲಿಂದ ಡಾಂಬರು ರಸ್ತೆ ಮುಟ್ಟುವವರೆಗೆ ಅಪ್ಪಟ ಎರೆಮಣ್ಣಿನ ದಾರಿ. ಒಂದು ಮಳೆ ಬಿದ್ದರೆ ಆ ಮಣ್ಣು ಕಾಲಿಟ್ಟವರನ್ನು ಬಿಡುವುದಿಲ್ಲ. ಬಿಟ್ಟರೂ ಚಪ್ಪಲಿಯನ್ನು ಇಟ್ಟುಕೊಂಡೇ ಬಿಡುತ್ತದೆ. ಪಂಚಮಿ ಬರುವುದು ಶ್ರಾವಣದ ಮಳೆಯಲ್ಲಿ. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡುವಾಗ ರೋಹಿಣಿ ಹೊಲದ ಮನೆಯ ಕಟ್ಟೆಯ ಮೇಲೆ ಕೂತು ಕೆಸರು ನೋಡುತ್ತಿದ್ದಳು. ಹೋದ ವರ್ಷ ಗಂಡ ಹುಮ್ಮಸ್ಸಿನಿಂದ ಚಕ್ಕಡಿ ಹೂಡಿದ. ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಚಕ್ಕಡಿ ಹಳ್ಳದ ಹತ್ತಿರ ಅಡ್ಡಬಿತ್ತು. ತವರಿಗೆಂದು ಕಟ್ಟಿದ ಉಂಡಿಯ ಡಬ್ಬಿ ಉರುಳಿ ಶೇಂಗಾ ಉಂಡಿ, ಬೇಸನ ಉಂಡಿ, ಎಳ್ಳುಂಡಿಗಳೆಲ್ಲ ಎರೆಮಣ್ಣಿನ ಉಂಡಿಗಳಾದವು.

ಈ ವರ್ಷ ಬೇಸಿಗೆಯಲ್ಲೇ ರೋಹಿಣಿ ನೋಟೀಸು ಕೊಟ್ಟಳು.

"ನೋಡ್ರಿ, ಈ ಪಂಚಮಿಗೆ ನಾ ತವರಮನಿ ಮುಟ್ಟಲಿಲ್ಲಂದ್ರ, ಮುಂದಿನ ವರ್ಷದಿಂದ ಮಳಿ ಬೀಳೂದಕ್ಕ ಮೊದಲ ಹೋಗಿ ಅಲ್ಲೇ ಕುಂದ್ರತೇನಿ. ಬರೂದು ದಸರಾ ಮುಗದ ಮ್ಯಾಲ. ರೊಟ್ಟಿ ನೀವ ಬಡಕೋರಿ."

ಸಂಗನಬಸವನಿಗೆ ತನ್ನ ಕೈಯ ರೊಟ್ಟಿ ನೆನಪಾಯಿತು. ಹಿಂದೊಮ್ಮೆ ಅವನು ಬಡಿದ ರೊಟ್ಟಿಯನ್ನು ಅವನದೇ ಎತ್ತು ಮೂಸಿ ನೋಡಿ ಮುಖ ತಿರುಗಿಸಿತ್ತು. ಆ ಎತ್ತನ್ನು ಆರಿಸಿದವನು ತಾನೇ ಆದ್ದರಿಂದ ಅದರ ತೀರ್ಪನ್ನು ಅವನು ಅಲ್ಲಗಳೆಯುವಂತಿರಲಿಲ್ಲ. ಅವನ ತಾಯಿ ಗುರವ್ವ ಬೇರೆ, "ನನ್ನ ಕೈ ನೋಯತಾವಪಾ, ನಾನೂ ಆಕಿ ಕೂಡ ಶಲವಡಿಗೆ ಹೋಗಾಕಿ" ಎಂದು ಸೊಸೆಯ ಪಕ್ಷ ಸೇರಿಬಿಟ್ಟಳು.

ಆಗ ಅವನಿಗೆ ಆ ದಿವ್ಯ ಯೋಚನೆ ಹೊಳೆಯಿತು. ನಾಲ್ಕೂ ಗಾಲಿ ಎಳೆಯುವ ಹಳೇ ಜೀಪು!

"ಈಗಿನ ಕಾರು ಅದಾವಲ್ಲ, ಎರಡ ಗಾಲಿ ಎಳಿತಾವ, ಉಳದ ಎರಡು ಸುಮ್ನ ಸಂಗಾಟ ಬರ್ತಾವ" ಎಂದು ಅವನು ಹೆಂಡತಿಗೆ ವಿವರಿಸಿದ. "ಎರಡ ಕಾಲಿಲೆ ಎಳಿಯೂ ಎತ್ತನ್ನ ಯಾವನರ ತರ್ತಾನೇನು? ನಾಕು ಕಾಲಿಂದ ತರೂಣು. ಈ ಪಂಚಮಿಗೆ ನಿನ್ನ ನಿಮ್ಮಪ್ಪನ ಬಾಗಲಾಗ ಇಳಸಲಿಲ್ಲಂದ್ರ ನನ್ನ ಹೆಸರ ಸಂಗನಬಸವ ಅಲ್ಲ."

ಅಳ್ನಾವರದಲ್ಲಿ ಅಂಥದೊಂದು ಜೀಪು ಮಾರಾಟಕ್ಕಿದೆ ಎಂಬ ಸುದ್ದಿ ತಂದವನು ಬೀರಲಿಂಗಪ್ಪ. "ನವಲಗುಂದದ ಮೇಸ್ತ್ರಿ ಬಸಣ್ಣನ್ನ ಕರಕೊಂಡ ಹೋಗೋ, ಇಂಜಿನ್ ನೋಡ್ತಾನ" ಎಂದು ಬುದ್ಧಿಮಾತನ್ನೂ ಹೇಳಿದ. ಸಂಗನಬಸವನಿಗೆ ಮೈಯೆಲ್ಲ ಉರಿಯಿತು. ಸಾವಿರ ಎತ್ತು ನೋಡಿದ ಕಣ್ಣಿಗೆ ನಟ್ಟು ತಿರುವುವ ಪಾನಾ ಹಿಡಿದ ಬಸಣ್ಣನ ಸಹಾಯ ಬೇಕೇ? ಹೆಂಡತಿಯನ್ನು ಮಾತ್ರ ಕರೆದುಕೊಂಡು ಹೊರಟ. ಅದೂ ತನ್ನ ವಿದ್ಯೆಯನ್ನು ಅವಳು ಒಮ್ಮೆ ಕಣ್ಣಾರೆ ನೋಡಲಿ ಎಂದು.

ಜೀಪಿನ ಯಜಮಾನರು ಯಾಕೂಬಸಾಬ. ಕಾಡಿನಂಚಿನ ಹಳ್ಳಿಗಳಿಗೆ ಕಿರಾಣಿ ಸಾಮಾನು ಮುಟ್ಟಿಸುವ ಧಂದೆ ಮಾಡಿದವರು, ಈಗ ಮೊಣಕಾಲು ನೋವೆಂದು ನಿಲ್ಲಿಸಿದ್ದರು. ಅವರ ಮನೆಯ ಅಂಗಳದಲ್ಲಿ ಜೀಪು ನಿಂತಿತ್ತು. ಹಸಿರು ಬಣ್ಣ, ದುಂಡು ಕಣ್ಣು, ಅಗಲ ಎದೆ. ಸುತ್ತ ಕೋಳಿಮರಿಗಳು ಓಡಾಡುತ್ತಿದ್ದವು. ಸಂಗನಬಸವನಿಗೆ ಒಂದೇ ನೋಟಕ್ಕೆ ಪ್ರೇಮ ಹುಟ್ಟಿತು. ಆದರೆ ಪ್ರೇಮ ತೋರಿಸಿದರೆ ಮಾರುವವನು ಬೆಲೆ ಏರಿಸಿಬಿಡುತ್ತಾನಲ್ಲ, ಮುಖ ಗಂಟಿಕ್ಕಿಕೊಂಡ.

"ಬರ್ರಿ ಬರ್ರಿ ಸಂಗಣ್ಣಾರ" ಎಂದರು ಯಾಕೂಬಸಾಬ. "ಗಾಡಿ ಭಾಳ ನಿಯತ್ತಿಂದೈತ್ರಿ. ಒಂದ ಮಾತ ಮಾತ್ರ ಹೇಳಿಬಿಡ್ತೇನಿ. ಈ ಮುಂದಿನ ಗಾಲಿ ನಡುವ ನೋಡ್ರಿ, ಇಲ್ಲೊಂದು..."

ಹಳದಿ ಟವೆಲು ಕಿವಿಗೇರಿತು.

"ಕಾಕಾ, ತಪ್ಪ ತಿಳಕೋಬ್ಯಾಡ್ರಿ. ನೀವು ಮಾತಾಡಬಾರದು. ಗಾಡಿ ಮಾತಾಡಬೇಕು."

ಪರೀಕ್ಷೆ ಆರಂಭವಾಯಿತು. ಸಂಗನಬಸವ ಮೊದಲು ಕುಕ್ಕರಗಾಲಲ್ಲಿ ಕೂತು ಟೈರಿನ ಹಲ್ಲು ನೋಡಿದ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, "ಬಾಯಿ ಕೂಡೇತಿ, ಎಲ್ಲಾ ಹಲ್ಲು ಬಂದಾವ" ಎಂದು ಘೋಷಿಸಿದ. ಬಲಗಡೆ ತಗಡು ಎಲ್ಲೋ ಬಡಿಸಿಕೊಂಡು ದುಂಡಗೆ ತಗ್ಗಾಗಿತ್ತು. "ಸುಳಿ ಬಲಕ್ಕೈತಿ, ಚಲೋ." ಇಂಜಿನ್ ಚಾಲೂ ಮಾಡಿಸಿ, ಹಿಂದೆ ಹೋಗಿ, ಹೊಗೆಯನ್ನು ಎದೆತುಂಬ ಮೂಸಿ, ಮೂರು ಸಲ ಸೀನಿ, ಜೀರ್ಣಶಕ್ತಿಯೂ ಸರಿಯಿದೆ ಎಂದ. ಅನಂತರ ಎತ್ತು ಬೆದರುತ್ತದೋ ಇಲ್ಲವೋ ನೋಡಲು ಹಿಂಭಾಗಕ್ಕೆ ಒಂದು ಏಟು ಹಾಕಿದ. ಹಿಂದಿನ ಬಾಗಿಲು ದಡಕ್ಕನೆ ಕಳಚಿ ಅವನ ಮೊಣಕಾಲಿಗೆ ಬಡಿಯಿತು.

"ಯಪ್ಪೋ! ಒದಿತೈತಿ!" ಎಂದು ಒಂದೇ ಕಾಲಲ್ಲಿ ಅಂಗಳ ಸುತ್ತಿದ. ಸುತ್ತಿ ಮುಗಿದ ಮೇಲೆ, "ಇರಲಿ. ಒದಿಯೂ ಎತ್ತು ದುಡಿಯಾಕ ಚುರುಕ" ಎಂದು ಸಮಾಧಾನ ಹೇಳಿಕೊಂಡ. (ಯಾಕೂಬಸಾಬ ಮಾತ್ರ ಟೋಪಿ ತೆಗೆದು ತಲೆ ಕೆರೆದುಕೊಂಡರು.)

"ಅಲ್ರೀ, ಅದೆಲ್ಲಾ ಬರೋಬ್ಬರಿ. ಆದ್ರ ಮುಂದಿನ ಗಾಲಿಗೆ..." ಎಂದು ಅವರು ಮತ್ತೆ ಬಾಯಿ ತೆರೆದರು. ಸಂಗನಬಸವ ಟವೆಲ್ಲಿನ ಗಂಟನ್ನು ಇನ್ನಷ್ಟು ಬಿಗಿದ.

ಇತ್ತ ಯಾಕೂಬಸಾಬರ ಹೆಂಡತಿ ಜಮಾಲಬಿ ರೋಹಿಣಿಯನ್ನು ಒಳಗೆ ಕರೆದು ಚಹಾ ಕೊಟ್ಟಿದ್ದಳು. ಸಾಬರ ಮೊಣಕಾಲು ಕೈಕೊಟ್ಟ ದಿನಗಳಲ್ಲಿ ಆ ಜೀಪನ್ನು ಕಾಡಿನ ದಾರಿಯಲ್ಲಿ ಓಡಿಸಿದವಳು ಅವಳೇ. ರೋಹಿಣಿಯೂ ತವರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ಇಬ್ಬರಿಗೂ ಗಂಟೆಯೊಳಗೆ ಅಕ್ಕತಂಗಿಯರಷ್ಟು ಸಲಿಗೆಯಾಯಿತು. ಸಂಗನಬಸವ ನೋಡುತ್ತಾನೆ, ಇಬ್ಬರೂ ಜೀಪಿನ ಮುಂದಿನ ಗಾಲಿಯ ಹತ್ತಿರ ಕುಕ್ಕರಿಸಿ ಏನನ್ನೋ ತೋರಿಸಿಕೊಂಡು ನಗುತ್ತಿದ್ದಾರೆ.

"ಏ ರೋಹಿಣಿ! ಇಲ್ಲೆ ಎಂಥಾ ಮಹತ್ವದ ಕೆಲಸ ನಡದೈತಿ, ನೀ ಕೋಳಿಮರಿ ಹುಡಕಾಕತ್ತೀಯಲ್ಲ?"

"ಕೋಳಿಮರಿ ಅಲ್ರೀ, ಇದು..."

"ಸುಮ್ಮನಿರು. ವ್ಯವಹಾರದ ಹೊತ್ತು."

ವ್ಯವಹಾರವೆಂದರೆ ದನದ ಸಂತೆಯ ಪದ್ಧತಿಯಲ್ಲೇ ಆಗಬೇಕು. ಸಂಗನಬಸವ ತಲೆಯ ಟವೆಲು ಬಿಚ್ಚಿ ಯಾಕೂಬಸಾಬರ ಕೈಮೇಲೆ ಹೊದಿಸಿ, ಅದರ ಕೆಳಗೆ ಅವರ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳತೊಡಗಿದ. ಬೆರಳಿನ ಭಾಷೆ ಅರಿಯದ ಸಾಬರಿಗೆ ಕಚಗುಳಿ ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಅಯ್ಯಯ್ಯ, ಬಿಡ್ರೀ ಮಾರಾಯರ! ನೀವು ಕೊಟ್ಟಷ್ಟ ಕೊಡ್ರಿ, ಮೊದಲ ಬೆರಳ ಬಿಡ್ರಿ!"

ಇದಕ್ಕಿಂತ ದೊಡ್ಡ ಗೆಲುವನ್ನು ಅವನು ಯಾವ ಸಂತೆಯಲ್ಲೂ ಕಂಡಿರಲಿಲ್ಲ.

ಜೀಪು ಹೊಡೆದುಕೊಂಡು ಮರಳುವಾಗ ರೋಹಿಣಿ ಮೆಲ್ಲಗೆ ಕೇಳಿದಳು. "ಅಲ್ರೀ, ಜಮಾಲಬಕ್ಕ ಹೇಳತಿದ್ದಳು, ಕೆಸರಿಗೆ ಇಳಿಯೂ ಮೊದಲ..."

ಸಂಗನಬಸವ ಗಕ್ಕನೆ ಬ್ರೇಕು ಹಾಕಿದ. "ಏ, ಮಾರೂ ಮನಿಯವರ ಮಾತು ನನ್ನ ಮನಿಯೊಳಗ ತರಬ್ಯಾಡ. ಇವತ್ತಿಂದ ಗಾಡಿ ವಿಷಯದಾಗ ನೀ ಒಂದು ಮಾತೂ ಆಡಬ್ಯಾಡ. ನಾ ಬಾಯಿಬಿಟ್ಟ ಕೇಳೂತನಕ ಆಡಬ್ಯಾಡ."

ರೋಹಿಣಿ ಅವನ ಮುಖವನ್ನು ಒಂದು ಕ್ಷಣ ನೋಡಿದಳು. "ಬಾಯಿಬಿಟ್ಟ ಕೇಳೂತನಕ?"

"ಕೇಳೂತನಕ."

"ಆತು ತಗೋರಿ" ಎಂದು ಸೆರಗು ಸರಿಪಡಿಸಿಕೊಂಡು ಹೊರಗೆ ನೋಡುತ್ತ ಕೂತಳು. ಅಷ್ಟು ಸುಲಭಕ್ಕೆ ಹೆಂಡತಿ ಒಪ್ಪಿದರೆ ಗಂಡನಾದವನು ಹೆದರಬೇಕು. ಇವನು ಸೀಟಿ ಹೊಡೆಯುತ್ತ ಗಾಡಿ ಬಿಟ್ಟ.

ಆಮೇಲಿನ ದಿನಗಳು ಜೀಪಿನ ವೈಭವದ ದಿನಗಳು. ಕಾರಹುಣ್ಣಿಮೆಗೆ ಎತ್ತುಗಳ ಜೊತೆ ಅದಕ್ಕೂ ಮೈ ತೊಳೆದು, ಬಣ್ಣ ಬಳಿದು, ಮುಂದೆ ಗೆಜ್ಜೆಸರ ಕಟ್ಟಿದ. ಗುರವ್ವ ಆರತಿ ಎತ್ತಿ ಹೋಳಿಗೆ ತೋರಿಸಿದಳು. ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿಗೆ ನೊಗ ಇಡುವುದಿಲ್ಲವಲ್ಲ, ಜೀಪಿಗೂ ರಜೆ. ಉಳಿದ ದಿನಗಳಲ್ಲಿ ಒಣ ದಾರಿಯಲ್ಲಿ ಸುಮ್ಮಸುಮ್ಮನೆ ನವಲಗುಂದಕ್ಕೆ ಹೋಗಿ ಬರುತ್ತಿದ್ದ. ಗೇರಿನ ಪಕ್ಕದ ಸಣ್ಣ ಕೋಲನ್ನು ಎಳೆದು, "ಈಗ ನೋಡು, ನಾಕೂ ಕಾಲು ಎಳ್ಯಾಕತ್ತಾವ" ಎನ್ನುತ್ತಿದ್ದ. ಒಣ ನೆಲದಲ್ಲಿ ಎರಡು ಎಳೆದರೇನು, ನಾಲ್ಕು ಎಳೆದರೇನು, ಯಾರಿಗೆ ತಿಳಿಯಬೇಕು? ಪಕ್ಕದಲ್ಲಿ ಕೂತ ರೋಹಿಣಿ ತುಟಿ ಬಿಗಿಹಿಡಿದು ಹೊರಗಿನ ಹೆಸರಿನ ಬೆಳೆ ನೋಡುತ್ತಿದ್ದಳು.

ಶ್ರಾವಣ ಬಂತು, ಮಳೆ ಬಂತು, ಪಂಚಮಿಯೂ ಬಂತು.

ಆ ದಿನ ಬೆಳಿಗ್ಗೆ ಮಳೆ ಬಿಡುವು ಕೊಟ್ಟಾಗ ಸವಾರಿ ಹೊರಟಿತು. ರೋಹಿಣಿ ಹೊಸ ಇಲಕಲ್ಲ ಸೀರೆ ಉಟ್ಟು, ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟು ಅಪ್ಪಿಕೊಂಡು ಕೂತಳು. ಹಿಂದೆ ಗುರವ್ವ. ಬೀರಲಿಂಗಪ್ಪ ತನ್ನ ಹೊಲದ ಬದುವಿನ ಮೇಲೆ ಎತ್ತು ಹಿಡಿದುಕೊಂಡು ನಿಂತಿದ್ದ.

"ಏನಪಾ, ಜತ್ತಿಗಿ ಕಟ್ಟೀದಿಲ್ಲೋ?" ಎಂದು ಸಂಗನಬಸವ ವಾಡಿಕೆಯಂತೆ ಕೂಗಿ, ಸಣ್ಣ ಕೋಲು ಎಳೆದು, "ಹೋ ಬಸವಾ!" ಎಂದು ಕೆಸರಿಗೆ ಇಳಿಸಿದ.

ಜೀಪು ಹುರುಪಿನಿಂದ ಹಳ್ಳದವರೆಗೆ ಹೋಯಿತು. ಹೋದ ವರ್ಷ ಚಕ್ಕಡಿ ಬಿದ್ದ ಜಾಗ ಬಂದ ಕೂಡಲೇ ಹಿಂದಿನ ಗಾಲಿಗಳು ಗರಗರನೆ ಇದ್ದಲ್ಲೇ ತಿರುಗತೊಡಗಿದವು. ಮುಂದಿನ ಗಾಲಿಗಳು ಮಾತ್ರ ಬೀಗರ ಮನೆಗೆ ಬಂದವರ ಹಾಗೆ ಅಲುಗಾಡದೆ ಕೂತಿದ್ದವು. ಸಂಗನಬಸವ ಒತ್ತಿದಷ್ಟೂ ಜೀಪು ಹಿಂದಿನಿಂದ ಕೆಳಗಿಳಿಯಿತು.

ಅವನು ಇಳಿದು ಹೋಗಿ ಮುಂದಿನ ಗಾಲಿಗಳನ್ನು ನೀವಿದ. "ಮುಂಗಾಲು ಮರಗಟ್ಟ್ಯಾವ" ಎಂದ. ಗುರವ್ವ ಹಿಂದಿನಿಂದಲೇ, "ದೃಷ್ಟಿ ಆಗೇತಿ. ಕಾರಹುಣ್ಣಿಮಿ ದಿನ ಊರಾಗೆಲ್ಲಾ ಮೆರಸೀದಿ" ಎಂದು ನೆಟಿಗೆ ಮುರಿದಳು. ನೆಟಿಗೆಗೆ ಜೀಪು ಏಳಲಿಲ್ಲ. ಮಲಗಿದ ಎತ್ತನ್ನು ಎಬ್ಬಿಸಲು ಬಾಲ ತಿರುವುತ್ತಾರೆ. ಸಂಗನಬಸವ ಹಿಂದೆ ಹೋಗಿ ನೋಡಿದ. ಬಾಲದ ಜಾಗದಲ್ಲಿ ಹೊಗೆಯ ಕೊಳವೆ ಕಂಡಿತು. ಯೋಚಿಸದೆ ಹಿಡಿದ.

ಅವನು ಹೊಡೆದ ಕೂಗಿಗೆ ಬೀರಲಿಂಗಪ್ಪನ ಎತ್ತುಗಳು ಬೆದರಿದವು.

"ಎತ್ತ ತರಲೇನೋ? ಹಚ್ಚಿ ಎಳಸೂಣು" ಎಂದು ಬೀರಲಿಂಗಪ್ಪ ಬದುವಿನಿಂದ ಕೇಳಿದ.

"ಬ್ಯಾಡ!" ಎಂದು ಸಂಗನಬಸವ ಸುಟ್ಟ ಅಂಗೈಯನ್ನು ಕೆಸರಿನಲ್ಲಿ ಅದ್ದುತ್ತ ಗುಡುಗಿದ. ತಾನು ಆರಿಸಿದ ಗಾಡಿಯನ್ನು ಬೀರಲಿಂಗಪ್ಪನ ಎತ್ತು ಎಳೆಯುವುದೆಂದರೆ ನವಲಗುಂದದ ಚಹಾದಂಗಡಿಗಳಲ್ಲಿ ಮುಂದೆ ಅವನು ತಲೆ ಎತ್ತುವುದುಂಟೇ? ಜೊತೆಗೆ ದಸರೆಯವರೆಗಿನ ರೊಟ್ಟಿಗಳು ಸಾಲಾಗಿ ಕಣ್ಣಮುಂದೆ ಬಂದವು. "ರೋಹಿಣಿ, ನೀ ಸ್ಟೇರಿಂಗ ಹಿಡಿ. ನಾ ಹಿಂದಿಂದ ದೂಕತೇನಿ."

ರೋಹಿಣಿ ಡಬ್ಬಿಯನ್ನು ಪಕ್ಕಕ್ಕಿಟ್ಟು ಸರಿದು ಕೂತಳು. ಸಂಗನಬಸವ ಹಿಂದೆ ನಿಂತು ಹೆಗಲು ಕೊಟ್ಟ. ಅವಳು ಒತ್ತಿದಳು. ಎರಡೂ ಗಾಲಿಗಳು ಆ ಹಳ್ಳದ ದಾರಿಯ ಅರ್ಧ ಮಣ್ಣನ್ನು ಎತ್ತಿ ಅವನ ಮೇಲೆ ಎರಚಿದವು. ಹಳದಿ ಟವೆಲು, ಬಿಳಿ ಅಂಗಿ, ಮೀಸೆ, ಯಾವುದೂ ಉಳಿಯಲಿಲ್ಲ.

ಗುರವ್ವ ಹಿಂದೆ ತಿರುಗಿ ನೋಡಿ ಬೆಚ್ಚಿದಳು. "ಯಾರವಾ ಅಂವ? ನನ್ನ ಮಗ ಎಲ್ಲೆ ಹೋದ?"

"ಅಂವನ ನಿಮ್ಮ ಮಗಾ, ಅತ್ತಿ" ಎಂದಳು ರೋಹಿಣಿ. ಒಂದು ಶೇಂಗಾ ಉಂಡಿ ತೆಗೆದು ಅತ್ತೆಗೆ ಕೊಟ್ಟು, ತಾನೂ ಒಂದನ್ನು ಬಾಯಿಗಿಟ್ಟಳು.

"ಏನರ ಹೇಳವಾ ಅಂವಗ, ನಿನಗೇನರ ಗೊತ್ತಿದ್ರ."

"ಅವರು ಕೇಳಿಲ್ಲ, ಅತ್ತಿ."

ಈ ಮಾತು ಕೆಸರು ತುಂಬಿದ ಕಿವಿಯನ್ನೂ ದಾಟಿ ಸಂಗನಬಸವನನ್ನು ಮುಟ್ಟಿತು. ಅವನು ನಿಂತಲ್ಲೇ ಮೊಣಕಾಲವರೆಗೆ ಹೂತಿದ್ದ. ಬೀರಲಿಂಗಪ್ಪ ಎತ್ತು ಹೊಡೆದುಕೊಂಡು ಹತ್ತಿರ ಬರುತ್ತಿದ್ದ. ಶಲವಡಿಯಲ್ಲಿ ಜೋಕಾಲಿ ಕಟ್ಟಿಯಾಗಿರುತ್ತದೆ. ಸಾವಿರ ಎತ್ತು ನೋಡಿದ ಮನುಷ್ಯ ಬಾಯೊಳಗಿನ ಮಣ್ಣು ಉಗುಳಿದ.

"ಏನ ಮಾಡೂಣು?"

"ಹಬ್ಬದ ವಿಷಯ ಕೇಳಾಕತ್ತೀರೋ, ಗಾಡಿ ವಿಷಯನೋ?"

"ಗಾಡಿ ವಿಷಯ."

"ಬಾಯಿಬಿಟ್ಟ ಕೇಳಾಕತ್ತೀರಿ?"

"ಬಾಯಿಬಿಟ್ಟ ಕೇಳಾಕತ್ತೇನಿ ಮಾರಾಯ್ತಿ! ಬೀರಲಿಂಗಪ್ಪ ಬರೂದರಾಗ ಹೇಳು!"

ರೋಹಿಣಿ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಮುಂದಿನ ಗಾಲಿಯ ನಡುವೆ ಡಬ್ಬಿಯ ಮುಚ್ಚಳದಂಥದ್ದೊಂದು ಇತ್ತು. ಸೆರಗಿನಿಂದ ಅದರ ಮಣ್ಣು ಒರೆಸಿ, ಕಟಕ್ ಎಂದು ತಿರುವಿದಳು. ಆ ಕಡೆಗೆ ಹೋಗಿ ಇನ್ನೊಂದನ್ನೂ ಕಟಕ್ ಎನಿಸಿದಳು.

"ಇದೇನದು?" ಎಂದ ಸಂಗನಬಸವ.

"ಲಾಕ್. ಇದನ್ನ ತಿರುವಲಿಲ್ಲಂದ್ರ ನೀವು ಆ ಕೋಲ ಎಷ್ಟ ಎಳದರೂ ಮುಂದಿನ ಗಾಲಿ ಎಳಿಯೂದಿಲ್ಲ. ಸಾಬರು ಅವತ್ತ ಹೇಳಾಕ ಬಂದದ್ದ ಇದನ್ನ. ಜಮಾಲಬಕ್ಕ ನನಗ ತೋರಿಸಿದ್ದೂ ಇದನ್ನ. ಇಷ್ಟದಿನಾ ನೀವು ನೊಗ ಇಟ್ಟೀರಿ..." ಎಂದು ಅವಳು ಸ್ವಲ್ಪ ನಿಲ್ಲಿಸಿದಳು. ಬೀರಲಿಂಗಪ್ಪ ಸರಿಯಾಗಿ ಅದೇ ಹೊತ್ತಿಗೆ ಬಂದು ತಲುಪಿದ್ದ. "...ಜತ್ತಿಗಿ ಕಟ್ಟಿಲ್ಲ."

ಬೀರಲಿಂಗಪ್ಪ ಒಮ್ಮೆ ಗಾಲಿಯನ್ನು ನೋಡಿದ, ಒಮ್ಮೆ ಸಂಗನಬಸವನನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಹಬ್ಬದ ಹೊಸ ಧೋತರದ ಸಮೇತ ಕೆಸರಿನಲ್ಲೇ ಕೂತುಬಿಟ್ಟ. ನಗುವುದಕ್ಕೆ ಅವನಿಗೆ ಉಸಿರು ಸಾಲಲಿಲ್ಲ. ಎಷ್ಟು ವರ್ಷದ ಬಾಕಿ!

ರೋಹಿಣಿ ಹತ್ತಿ ಕೂತು ಕೋಲು ಎಳೆದು ಮೆಲ್ಲಗೆ ಒತ್ತಿದಳು. ಜೀಪು ಒಮ್ಮೆ ಮೈ ಕೊಡವಿತು. ಮುಂದಿನ ಗಾಲಿಗಳು ಮಣ್ಣು ಕಚ್ಚಿದವು. ಮಲಗಿದ್ದ ಬಸವಣ್ಣ ಎದ್ದ ಹಾಗೆ ಗೆಜ್ಜೆ ಝಣಝಣ ಎನಿಸುತ್ತ ಹಳ್ಳ ಹತ್ತಿ ಹೊರಟೇಬಿಟ್ಟಿತು.

"ಹುಡುಗ ಉಳದಾ! ನಿಂದರಸವಾ!" ಎಂದು ಗುರವ್ವ ಕೂಗಿದಳು.

"ಕೆಸರಾಗ ನಿಂದರಸಬಾರದಂತ ಅತ್ತಿ, ಜಮಾಲಬಕ್ಕ ಹೇಳ್ಯಾಳ! ಡಾಂಬರ ಹತ್ತಿದ ಮ್ಯಾಲ ನಿಂದರಸೂಣು!"

ಸಂಗನಬಸವ ಸಂತೋಷದಿಂದ "ಹೋ ಬಸವಾ!" ಎಂದು ಅದರ ಹಿಂದೆ ಓಡಲು ಹೋದ. ಮೇಲಿನ ಅರ್ಧ ಮೈ ಓಡಿತು. ಕೆಳಗಿನ ಅರ್ಧ ಬರಲಿಲ್ಲ. ಕಾಲು ಎಳೆದಷ್ಟೂ ಎರೆಮಣ್ಣು ಇನ್ನಷ್ಟು ಪ್ರೀತಿಯಿಂದ ಹಿಡಿದುಕೊಂಡಿತು. ಬೀರಲಿಂಗಪ್ಪ ಕೈಕೊಟ್ಟು ನೋಡಿದ, ಆಗಲಿಲ್ಲ. ಕೊನೆಗೆ ಎತ್ತುಗಳನ್ನು ತಿರುಗಿಸಿ ನಿಲ್ಲಿಸಿ, ಹಗ್ಗದ ಒಂದು ತುದಿಯನ್ನು ನೊಗಕ್ಕೂ ಇನ್ನೊಂದನ್ನು ಸಂಗನಬಸವನ ನಡುವಿಗೂ ಕಟ್ಟಿದ. ಹಾಗಾಗಿ ಆ ಪಂಚಮಿಯ ದಿನ ಬೀರಲಿಂಗಪ್ಪನ ಎತ್ತುಗಳು ಜೀಪನ್ನು ಎಳೆಯಲಿಲ್ಲ. ಜೀಪನ್ನು ಆರಿಸಿದವನನ್ನು ಎಳೆದವು.

"ನಿಂದರೋ, ಜತ್ತಿಗಿ ಕಟ್ಟೇನೋ ಇಲ್ಲೋ ನೋಡತೇನಿ" ಎಂದು ಬೀರಲಿಂಗಪ್ಪ ಎತ್ತಿನ ಕೊರಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿ, ಬಹಳ ಸಾವಕಾಶವಾಗಿ "ಹೋ" ಎಂದ.

ಶಲವಡಿಯಲ್ಲಿ ರೋಹಿಣಿ ಜೋಕಾಲಿಯನ್ನು ಬೇವಿನ ಗಿಡದ ನೆತ್ತಿ ಮುಟ್ಟುವ ಹಾಗೆ ಜೀಕಿದಳು. ಅವಳ ನಗು ಓಣಿಗೆಲ್ಲ ಕೇಳಿತು. ಕಟ್ಟೆಯ ಮೇಲೆ ಮಾವನ ಧೋತರ ಉಟ್ಟು, ಅಂಗೈಗೆ ಬೆಣ್ಣೆ ಸವರಿಕೊಂಡು ಕೂತ ಸಂಗನಬಸವನಿಗೂ ಒಳಗೊಳಗೆ ಹಿಗ್ಗಾಯಿತು. ಏನೇ ಆಗಲಿ, ಕೊಟ್ಟ ಮಾತು ಉಳಿದಿತ್ತಲ್ಲ, ರೊಟ್ಟಿ ಬಡಿಯುವುದೂ ತಪ್ಪಿತ್ತು. ರೋಹಿಣಿಯ ತಮ್ಮ ಪ್ರಭು ಜೀಪನ್ನು ಸುತ್ತಿ ಸುತ್ತಿ ನೋಡಿ ಬಂದ.

"ಮಾಮಾ, ಅಗದಿ ಭರವಸೆದ ಗಾಡಿ ಐತಿ. ನಾನೂ ಇಂಥಾದ್ದೊಂದು ತಗೋಬೇಕಂತ ಮಾಡೇನಿ. ಕಲಘಟಗ್ಯಾಗ ಒಬ್ಬರದು ಐತಂತ. ನೋಡಾಕ ಬರ್ತೀರೇನು?"

ಸಂಗನಬಸವನ ಬೆನ್ನು ತಾನಾಗಿ ನೆಟ್ಟಗಾಯಿತು. ಕೈ ಟವೆಲ್ಲಿಗೆ ಹೋಯಿತು. "ಬರ್ತೇನಿ. ಆದ್ರ ನೋಡೂದು ಅಂದ್ರ ಸುಮ್ನ ಅಲ್ಲಪಾ..."

"ನೋಡಾಕ ಅಕ್ಕ ಬರ್ತಾಳ ಮಾಮಾ. ನೀವು ಆಕಿ ಸಂಗಾಟ ಬರ್ರಿ."

ಮಳೆಗಾಲ ಮುಗಿದ ಮೇಲೆ ಕಲಘಟಗಿಗೆ ಹೋದರು. ಜೀಪಿನ ಯಜಮಾನ ಮೈಲಾರಿ ಎಂಬವನು. ರೋಹಿಣಿ ಸೆರಗು ಸಿಕ್ಕಿಸಿ, ಅವನ ಹೆಂಡತಿಯ ಜೊತೆ ಮುಂದಿನ ಗಾಲಿಯ ಹತ್ತಿರ ಕುಕ್ಕರಿಸಿದಳು. ಪ್ರಭು ಪಕ್ಕದಲ್ಲಿ ಶಿಷ್ಯನ ಹಾಗೆ ನಿಂತ. ಸಂಗನಬಸವ ಈ ಸಲ ಟವೆಲ್ಲನ್ನು ಹೆಗಲಿನಿಂದ ಪೂರ್ತಿ ತೆಗೆದು, ಎರಡೂ ಕಿವಿ ಬಿಚ್ಚಿಟ್ಟುಕೊಂಡು ಮೈಲಾರಿಯ ಎದುರು ಬಂದ.

"ಹೇಳ್ರಿ, ಗಾಡಿ ಬಗ್ಗೆ ಏನೇನ ಹೇಳೂದೈತಿ, ಎಲ್ಲಾ ಹೇಳ್ರಿ. ನಾ ಕೇಳತೇನಿ."

"ಹೇಳೂದೆಲ್ಲಾ ಅಕ್ಕಾರಿಗೆ ಹೇಳೇನಲ್ರಿ" ಎಂದ ಮೈಲಾರಿ. ಆಮೇಲೆ ಅವನ ಬರಿಗೈ ನೋಡಿ, ಒಂದು ಕೆಲಸ ನೆನಪಾದವನಂತೆ ಮುಖ ಅರಳಿಸಿದ. "ನೀವು ಖಾಲೀನ ನಿಂತೀರಿ. ಗಾಡಿ ಕೆಳಗ ನಮ್ಮ ಕೋಳಿಮರಿ ಹೊಕ್ಕೈತಿ, ಅದನ್ನಷ್ಟ ಹಿಡದ ಕೊಡ್ರಿ."

ಗಾಲಿಯ ಆಚೆಯಿಂದ ಕಟಕ್ ಎಂಬ ಸದ್ದೂ ರೋಹಿಣಿಯ "ಹ್ಞೂಂ" ಎಂಬ ದನಿಯೂ ಒಟ್ಟಿಗೇ ಕೇಳಿದವು. ಮಾರುವವನೂ ಕೊಳ್ಳುವವನೂ ಬಿಗಿಹಿಡಿದ ಉಸಿರು ಬಿಟ್ಟರು. ಸಂಗನಬಸವ ಟವೆಲ್ಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮೊಣಕಾಲೂರಿ, ಕೋಳಿಮರಿಗಾಗಿ ಜೀಪಿನ ಕೆಳಗೆ ಕೈ ಚಾಚಿದ.